ಹೂವು ಮುಂದಕ್ಕೆ ಅರ್ಧ ಇಂಚು

ಎಲ್ಲರಿಗೂ ಕಣ್ಣಿಗೂ ಬಾಯಿಗೂ ನಡುವೆ ನಾಲ್ಕು ಬೆರಳಿನ ದೂರವಿದ್ದರೆ ನನಗೆ ಅದು ಒಂದು ಹೋಬಳಿಯಷ್ಟಿದೆ. ಕಾಣುವುದೆಲ್ಲ ಸ್ಪಷ್ಟವಾಗಿಯೇ ಕಾಣುತ್ತದೆ. ಆದರೆ ಕಂಡದ್ದು ನಾಲಿಗೆಗೆ ಬರುವ ಹೊತ್ತಿಗೆ ಆಗಬೇಕಾದದ್ದು ಆಗಿ ಹೋಗಿರುತ್ತದೆ. ಒಮ್ಮೆ ಹ್ಯಾಂಡ್‌ಪೋಸ್ಟ್ ಸ್ಟಾಪಿನಲ್ಲಿ ಪರಿಚಯದವರೊಬ್ಬರು ಚೀಲ ಮರೆತು ಬಸ್ಸಿಳಿದರು. ಚೀಲ ಅವರದೇ ಎಂದು ಖಚಿತಪಡಿಸಿಕೊಂಡು ನಾನು ಕೂಗಿದಾಗ ಬಸ್ಸು ಸರಗೂರು ತಲುಪಿತ್ತು. ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುವವನಾದ್ದರಿಂದ ಜನ ಇದನ್ನು ನಿಖರತೆ ಎಂದುಕೊಂಡಿದ್ದರು. ನನ್ನ ಭಾಮೈದ ನಂಜುಂಡ ಎಂಜಿನ್ ಪರೀಕ್ಷೆಗೆ ಕರೆಯುವ ತನಕ ನಾನೂ ಹಾಗೆಯೇ ಅಂದುಕೊಂಡಿದ್ದೆ.

ಹುಣಸೂರಿನಲ್ಲಿ ನಂಜುಂಡನಿಗೆ ಒಂದು ಲೇತ್ ಶೆಡ್ಡಿದೆ. ಪಂಪ್‌ಸೆಟ್ ರಿಪೇರಿ ಅವನ ಕಸುಬು. ಎರಡು ಸಾವಿರದ ಇಸವಿ ಕಳೆದು ಎರಡು ಮೂರು ವರ್ಷವಾಗಿದ್ದಾಗ, ಕೊಡಗಿನ ಗಡಿಯ ಕಾಫಿ ತೋಟದ ಪೂಣಚ್ಚ ಎಂಬವರು ಹಾಲಿನ ಚೊಂಬಿನಷ್ಟು ದೊಡ್ಡದೊಂದು ಲೋಹದ ಉರುಳೆಯನ್ನು ಟವೆಲ್ಲಿನಲ್ಲಿ ಸುತ್ತಿಕೊಂಡು ಅಲ್ಲಿಗೆ ಬಂದರು. ಆಟದ ಜೆಟ್ ವಿಮಾನ ಹಾರಿಸುವುದು ಅವರ ಹವ್ಯಾಸ. ಹೆಸರಿಗೆ ಆಟದ್ದು, ಎಂಜಿನ್ ಮಾತ್ರ ನಿಜವಾದ ಜೆಟ್. ಮುಂದಿನ ಬಾಯಿಂದ ಗಾಳಿ ಎಳೆದು, ಒಳಗೆ ಸೀಮೆಎಣ್ಣೆ ಉರಿಸಿ, ಹಿಂದಿನ ಕೊಳವೆಯಿಂದ ಬಿಸಿಗಾಳಿ ಉಗುಳುತ್ತದೆ. ನಿಮಿಷಕ್ಕೆ ಒಂದು ಲಕ್ಷ ಸುತ್ತು ಎಂದರು. ನಾನು ಮನೆಗೆ ಬಂದು ಭಾಗಿಸಿ ನೋಡಿದೆ. ಸೆಕೆಂಡಿಗೆ ಸಾವಿರದ ಆರುನೂರ ಅರವತ್ತಾರು ಸುತ್ತು, ಮೇಲೆ ಸ್ವಲ್ಪ ಶೇಷ. ಆ ಶೇಷ ಎಲ್ಲಿಗೆ ಹೋಗುತ್ತದೆಂದು ರಾತ್ರಿಯೆಲ್ಲ ಯೋಚಿಸಿದೆ.

ಅದರ ಬೇರಿಂಗ್ ಸವೆದಿತ್ತು. ಪೂಣಚ್ಚನವರ ಬಳಿ ಇಂಥವು ಇನ್ನೂ ನಾಲ್ಕಿದ್ದವು. "ಇದು ಸರಿಯಾಗಿ ಓಡಿದರೆ ಎಲ್ಲದರ ಕೆಲಸವೂ ನಿನಗೇ. ಇಲ್ಲವಾದರೆ ಬೆಂಗಳೂರಿಗೆ ಕಳಿಸ್ತೇನೆ" ಎಂದು ಹೇಳಿಹೋದರು. ನಂಜುಂಡ ಹದಿನೈದು ದಿನ ಪಂಪ್‌ಸೆಟ್ ಮುಟ್ಟಲಿಲ್ಲ. ಬೆರಳುಂಗುರದಂಥ ಹೊಸ ಬೇರಿಂಗನ್ನು ಉಸಿರು ಬಿಗಿಹಿಡಿದು ಕೂರಿಸಿದ. ಹೆಂಡತಿ ಅವನನ್ನು ಊಟಕ್ಕೆ ಕರೆಯುವುದನ್ನೇ ಬಿಟ್ಟಿದ್ದಳು.

ಪರೀಕ್ಷೆಯ ಭಾನುವಾರ ಪೂಣಚ್ಚನವರೂ ಬಂದಿದ್ದರು. ನನ್ನ ಪಾಲಿಗೆ ಬಂದದ್ದು ಒಂದೇ ಕೆಲಸ. "ಭಾವ, ಈ ಮೀಟರ್ ನೋಡ್ತಿರಿ. ಏಳ್ನೂರು ಡಿಗ್ರಿ ದಾಟ್ತು ಅಂದ್ರೆ 'ನಿಲ್ಸು' ಅಂತ ಕಿರುಚ್ಬೇಕು, ಅಷ್ಟೇಯ. ನನ್ ಕಣ್ಣು ಎಣ್ಣೆ ಪಂಪಿನ್ ಮ್ಯಾಲಿರ್ತದೆ" ಎಂದ. ನಾನು ಗಡಿಯಾರ, ಪೆನ್ನು, ಗೆರೆ ಹಾಕಿದ ನೋಟ್‌ಬುಕ್ಕು ಹಿಡಿದು ನಿಂತೆ.

ಅಷ್ಟರಲ್ಲಿ ನಂಜುಂಡನ ತಾಯಿ, ಅಂದರೆ ನನ್ನ ಅತ್ತೆ, ಪೂಜೆಯ ತಟ್ಟೆ ಹಿಡಿದು ಬಂದರು. ರಿಪೇರಿಯಾದ ಯಾವ ಪಂಪ್‌ಸೆಟ್ಟೂ ಹೂವು ಕಾಯಿ ಇಲ್ಲದೆ ಆ ಶೆಡ್ಡಿನಲ್ಲಿ ತಿರುಗಿದ್ದಿಲ್ಲ.

"ಬಾಯ್ ತಾವ ಮಡಗ್ಬ್ಯಾಡ ಕಣವ್ವ, ಮ್ಯಾಲೆ ಮಡಗು" ಎಂದ ನಂಜುಂಡ.

"ನಂಗೊತ್ತಿಲ್ವೇನ್ಲಾ? ನೀ ಹುಟ್ಟಕ್ ಮುಂಚಿಂದ ಮಿಷಿನ್‌ಗೆ ಪೂಜೆ ಮಾಡೀವ್ನಿ" ಎಂದ ಅತ್ತೆ, ಎಂಜಿನ್ನಿನ ನೆತ್ತಿಯ ಮೇಲೆ ಒಂದು ಚೆಂಡುಹೂವನ್ನು ಅಚ್ಚುಕಟ್ಟಾಗಿ ಇಟ್ಟರು.

ಎಲ್ಲರೂ ಕಿವಿಗೆ ಹತ್ತಿ ತುರುಕಿಕೊಂಡೆವು. ಎಂಜಿನ್ ಹತ್ತಿಕೊಂಡಿತು. ಇಡೀ ಹುಣಸೂರಿನ ಕುಕ್ಕರುಗಳು ಒಟ್ಟಿಗೆ ಸೀಟಿ ಹಾಕಿ ನಿಲ್ಲಿಸುವುದನ್ನು ಮರೆತಂಥ ಸದ್ದು. ಇಪ್ಪತ್ತನೆಯ ಸೆಕೆಂಡಿನಲ್ಲಿ ಹೂವು ಮುಂದಕ್ಕೆ ಅರ್ಧ ಇಂಚು ಜರುಗಿತು. ನಾನು ಬರೆದುಕೊಂಡೆ. ಎದುರಿಗಿದ್ದ ಅತ್ತೆ ತಟ್ಟನೆ ಕೈಮುಗಿದರು. ಹೂವು ಬಲಕ್ಕೆ ಜರುಗಿದರೆ ನಮ್ಮಲ್ಲಿ ಅದು ದೇವರ ಅಪ್ಪಣೆ. ಅವರು ನಿಂತ ಕಡೆಯಿಂದ ಅದು ಬಲ, ನಾನು ನಿಂತ ಕಡೆಯಿಂದ ಎಡ. ನಂಜುಂಡನ ಹೆಂಡತಿಯೂ ಕೈಮುಗಿದಳು. ದೇವರು ಅಪ್ಪಣೆ ಕೊಡುತ್ತಿರುವಾಗ ನಡುವೆ ಬಾಯಿ ಹಾಕುವುದು ಸರಿಯೇ? ಎಂಜಿನ್ನಿಗೆ ಬಲ ಯಾವುದು, ಎಡ ಯಾವುದು? ನಾನು ಇದನ್ನು ತೀರ್ಮಾನಿಸುತ್ತಿದ್ದಂತೆ ಹೂವು ಇನ್ನೊಂದು ಇಂಚು ನಡೆದು, ಅಂಚಿನಲ್ಲಿ ಕ್ಷಣ ನಿಂತು, ಎಂಜಿನ್ನಿನ ಬಾಯಿಗೆ ಬಿರಡೆಯಂತೆ ಕಚ್ಚಿಕೊಂಡಿತು.

ಆಮೇಲೆ ಹಿಂದಿನಿಂದ ಮೊಳದುದ್ದದ ಬೆಂಕಿ ಬಂತು. ನಂಜುಂಡ ಎಣ್ಣೆಯ ಕೊಳವೆ ಹಿಸುಕಿದ. ಸದ್ದು ನಿಂತಿತು. ಆ ಮೌನದಲ್ಲಿ ನಾನು "ನಿಲ್ಸು!" ಎಂದು ಗಟ್ಟಿಯಾಗಿ ಕೂಗಿದೆ.

ಗೋಡೆಯ ಸುಣ್ಣ ಕಪ್ಪಾಗಿತ್ತು. ಪೂಣಚ್ಚನವರು ಬಗ್ಗಿ ನೋಡಿದಾಗ ಎಂಜಿನ್ನಿನ ಬಾಯಲ್ಲಿ ಹಳದಿ ಗೊಜ್ಜಿನಂಥದ್ದು ಮೆತ್ತಿಕೊಂಡಿತ್ತು. "ಬೇರಿಂಗ್ ಬಿಗಿಯಾಗಿ ಬಿಸಿಯೇರಿತೋ? ಹೂವು ಮೊದಲು ಹೋಯಿತೋ, ಬಿಸಿ ಮೊದಲು ಏರಿತೋ? ಮೇಷ್ಟ್ರೇ, ನೀವೇನು ನೋಡಿದಿರಿ?" ಎಂದರು. ನಂಜುಂಡ ಮುಖವೆಲ್ಲ ಬೆವರಾಗಿ ನನ್ನನ್ನೇ ನೋಡಿದ. ಅತ್ತೆಯೂ ನೋಡಿದರು. ಹೂವು ಎಂದರೆ ಅತ್ತೆ ಹೋದರು, ಬಿಸಿ ಎಂದರೆ ಭಾಮೈದ ಹೋದ. ಯೋಚಿಸಿ ಹೇಳೋಣವೆಂದುಕೊಳ್ಳುತ್ತಿದ್ದಂತೆ ಪೂಣಚ್ಚನವರು ನೋಟ್‌ಬುಕ್ಕನ್ನೇ ನನ್ನ ಕೈಯಿಂದ ತೆಗೆದುಕೊಂಡು ಗಟ್ಟಿಯಾಗಿ ಓದಿದರು:

"ಇಪ್ಪತ್ತು ಸೆಕೆಂಡು, ಐನೂರ ಎಂಬತ್ತು ಡಿಗ್ರಿ, ಹೂವು ಮುಂದಕ್ಕೆ ಅರ್ಧ ಇಂಚು. ಇಪ್ಪತ್ತಾರು, ಐನೂರ ಎಂಬತ್ತು, ಹೂವು ಅಂಚಿನಲ್ಲಿ. ಇಪ್ಪತ್ತೆಂಟು, ಹೂವು ಬಾಯಲ್ಲಿ, ಆರುನೂರ ಅರವತ್ತು. ಮೂವತ್ತು, ಏಳುನೂರ ಇಪ್ಪತ್ತು. ಈಗ ಕೂಗಬೇಕು. ಮೂವತ್ಮೂರು, ಏಳುನೂರ ತೊಂಬತ್ತು. ಖಂಡಿತ ಕೂಗಬೇಕು."

ಅತ್ತೆಯೇ ಮೊದಲು ಬಾಯಿಬಿಟ್ಟರು. "ಅಪ್ಪಣೆ ಆಗಿದ್ದೂ ದಿಟ ಬುಡಪ್ಪ. ಅಳೀಮಯ್ಯ ಬಾಯಿ ಬುಡ್ದೆ ಇದ್ದದ್ದೂ ದಿಟ."

ಪೂಣಚ್ಚನವರು ಎಂಜಿನ್ನಿನ ಬಾಯಿ ಬಿಡಿಸಿ, ಒರೆಸಿ, ಒಳಗಿನ ಚಕ್ರವನ್ನು ಬೆರಳಿಂದ ತಿರುಗಿಸಿದರು. ಅದು ಸದ್ದಿಲ್ಲದೆ ಬಹಳ ಹೊತ್ತು ತಿರುಗಿತು. "ಬೇರಿಂಗ್ ಚೆನ್ನಾಗಿದೆ ನಂಜುಂಡ. ಇನ್ನೊಮ್ಮೆ ಓಡಿಸು, ಹೂವಿಲ್ಲದೆ. ಕೂಗೋಕೆ ಮಾತ್ರ ಬೇರೆಯವರು ಬೇಕು. ಅಮ್ಮಾ, ನೀವು ಕೂಗ್ತೀರಾ?"

"ನಂಗೆ ಅಂಕಿ ಓದಕ್ ಬರಾಕಿಲ್ವಲ್ಲಪ್ಪ."

"ಮೀಟರ್ ನೋಡ್ಬೇಡಿ. ನಿಮ್ಮ ಅಳಿಯನ್ನ ನೋಡ್ತಿರಿ. ಅವರು ಬರೆಯೋಕೆ ಶುರು ಮಾಡಿದ ಕೂಡಲೇ ಕೂಗಿಬಿಡಿ."

ಎರಡನೆಯ ಸಲ ಎಂಜಿನ್ ಪೂರ್ತಿ ವೇಗದಲ್ಲಿ ಓಡಿತು. ನಂಜುಂಡನಿಗೆ ಉಳಿದ ನಾಲ್ಕು ಎಂಜಿನ್ನೂ ಸಿಕ್ಕವು. ಎಷ್ಟು ಹೊತ್ತು ಓಡಿತು, ಬಿಸಿ ಎಲ್ಲಿಯ ತನಕ ಏರಿತು ಎಂದು ಈಗಲೂ ಕೆಲವರು ನನ್ನನ್ನು ಕೇಳುತ್ತಾರೆ. ಅದಕ್ಕೆ ನನ್ನಲ್ಲಿ ಲಿಖಿತ ಆಧಾರವಿಲ್ಲ. ಅತ್ತೆ ಸೊಂಟದ ಮೇಲೆ ಕೈಯಿಟ್ಟು, ಎವೆಯಿಕ್ಕದೆ, ನನ್ನ ಬಲಗೈಯನ್ನೇ ನೋಡುತ್ತ ನಿಂತಿದ್ದರು. ಪೆನ್ನಿನ ಮುಚ್ಚಳ ತೆಗೆಯಲು ನನಗೆ ಧೈರ್ಯ ಬರಲಿಲ್ಲ.