ಅಪ್ಪನ ತೋಳನ್ನು ಅಪ್ಪಿಕೊಂಡಿರುವ ಬಿಪಿ ಮಷೀನಿನವರಿಗೆ

ಮಾನ್ಯ ಬಿಪಿ ಮಷೀನಿನವರೇ,

ಊಟದ ಮೇಜಿನ ಮೇಲೆ ಉಪ್ಪಿನ ಡಬ್ಬಿಗೂ ನೀರಿನ ಜಗ್ಗಿಗೂ ನಡುವೆ ಸುಖಾಸೀನರಾಗಿರುವ ತಮಗೆ, ಅದೇ ಮೇಜಿನ ಕುಂಟುವ ಕಾಲಿನ ಪಕ್ಕದಲ್ಲಿ ಕೂರುವ ಈ ಮನೆಯ ಒಬ್ಬಳೇ ಮಗಳ ಅನಂತಾನಂತ ನಮಸ್ಕಾರಗಳು. ತಾವು ಕ್ಷೇಮವೆಂದು ಭಾವಿಸುತ್ತೇನೆ. ನಮ್ಮ ಕ್ಷೇಮದ ವಿಚಾರವನ್ನು ನಾನು ಬರೆಯಬೇಕಾಗಿಲ್ಲ, ಏಕೆಂದರೆ ನನ್ನ ಶಾಲೆಯ ಕೊನೆಯ ಪರೀಕ್ಷೆಯ ಫಲಿತಾಂಶ ಬಂದ ದಿನದಿಂದ ಈ ಮನೆಯಲ್ಲಿ ಯಾರು ಕ್ಷೇಮ, ಯಾರಿಂದ ಯಾರ ಕ್ಷೇಮಕ್ಕೆ ಧಕ್ಕೆ ಎಂದು ತೀರ್ಮಾನಿಸುವ ಹೊಣೆಯನ್ನು ತಾವೇ ದೊಡ್ಡ ಮನಸ್ಸು ಮಾಡಿ ಹೊತ್ತುಕೊಂಡಿದ್ದೀರಿ.

ತಾವು ಮೂಲತಃ ಅಪ್ಪನ ಔಷಧಿ ಅಂಗಡಿಯವರು. ತಮ್ಮ ಪೆಟ್ಟಿಗೆಯ ಮೂಲೆ ಹರಿದದ್ದರಿಂದ ಯಾವ ಗಿರಾಕಿಯೂ ತಮ್ಮನ್ನು ಮೂಸಿ ನೋಡಲಿಲ್ಲವೆಂದೂ, ಹಾಗಾಗಿ ಅಪ್ಪ ತಮ್ಮನ್ನು ಮನೆಗೆ ತಂದರೆಂದೂ ನೆನಪಿಸುವುದು ನನ್ನ ಸಭ್ಯತೆಗೆ ತಕ್ಕದ್ದಲ್ಲ, ಆದ್ದರಿಂದ ನೆನಪಿಸುತ್ತಿಲ್ಲ. ಅಪ್ಪನ ಬಗ್ಗೆ ಮಾತ್ರ ಒಂದು ಮಾತು ಹೇಳಬೇಕು. ಡಾಕ್ಟರುಗಳ ಕೈಬರಹ ಓದಿ ಓದಿ ಕನ್ನಡಕದ ಗಾಜು ದಪ್ಪ ಮಾಡಿಕೊಂಡ ಅವರಿಗೆ ಬಾಳಿನಲ್ಲಿ ಇರುವುದು ಒಂದೇ ಆಸೆ: ಒಂದು ದಿನ ಮಗಳು ಬರೆದ ಚೀಟಿ ಅಂಗಡಿಗೆ ಬರಬೇಕು, ಅದರಲ್ಲಿ ಒಂದಕ್ಷರವೂ ಅರ್ಥವಾಗದೆ ತಾನು ಹೆಮ್ಮೆಯಿಂದ ಒದ್ದಾಡಬೇಕು.

ಈ ಆಸೆಗೆ ನೀರೆರೆದವಳು ನಾನೇ ಎಂಬುದನ್ನು ಅಲ್ಲಗಳೆಯಲಾರೆ. ಜೀವಶಾಸ್ತ್ರದ ಪರೀಕ್ಷೆಯಲ್ಲಿ ಹೃದಯದ ಚಿತ್ರ ಬರೆಯಿರಿ ಎಂದಿದ್ದರು. ನಾಲ್ಕು ಖಾನೆ, ಒಂದೇ ಕಡೆಗೆ ತೆರೆಯುವ ಬಾಗಿಲುಗಳು, ಇದೊಂದು ಸೊಗಸಾದ ಕಪಾಟು ಎಂದು ತಿಳಿದು ನಾನು ಅಳತೆಯಿಟ್ಟು ಬರೆದೆ. ಪರೀಕ್ಷಕರು ಮನಸೋತು ಅಂಕಗಳನ್ನು ಸುರಿದರು. ಫಲಿತಾಂಶ ಬಂದ ಸಂಜೆಯೇ, ಮನೆಯಲ್ಲಿ ಹೊಲಿಗೆ ಮಾಡುವ ಅಮ್ಮ ನನ್ನ ಭುಜದ ಅಳತೆ ತೆಗೆದು ಬಿಳಿ ಕೋಟು ಕತ್ತರಿಸಿಬಿಟ್ಟರು, ಮುಂದೆ ದೊಡ್ಡ ಡಾಕ್ಟರಾದಾಗ ಬೇಕಾದೀತೆಂದು ಹೊಲಿಗೆಯಲ್ಲಿ ಎರಡು ಬೆರಳು ಬಟ್ಟೆಯನ್ನೂ ಹೆಚ್ಚಿಗೆ ಬಿಟ್ಟರು. ಎದುರು ಮನೆಯವರು ಮೆಟ್ಟಿಲ ಮೇಲೆ ನನ್ನನ್ನು ತಡೆದು ನಾಲಿಗೆ ತೋರಿಸತೊಡಗಿದರು. ಮೊದಲ ಸಲ ಏನು ಮಾಡಬೇಕೆಂದು ತೋಚದೆ, ಮರ್ಯಾದೆಗೆ ನಾನೂ ನನ್ನ ನಾಲಿಗೆ ತೋರಿಸಿ ಬಂದೆ. ಇನ್ನು ಅಜ್ಜಿಯಂತೂ ತಮ್ಮ ಎಡ ಮಂಡಿಯನ್ನು ನನಗಾಗಿ ಕಾಯ್ದಿರಿಸಿದ್ದಾರೆ. ಯಾರಾದರೂ ತಜ್ಞರಿಗೆ ತೋರಿಸೋಣ ಎಂದರೆ, "ಮನೇಲೇ ಡಾಕ್ಟ್ರು ತಯಾರಾಗ್ತಿರುವಾಗ ಹೊರಗಿನವರ ಕೈಗೆ ಮಂಡಿ ಯಾಕೆ ಕೊಡಲಿ" ಎನ್ನುತ್ತಾರೆ.

ಸ್ವಾಮಿ, ನನಗೆ ಬೇಕಾದದ್ದು ಕುರ್ಚಿ. ಅಧಿಕಾರದ ಕುರ್ಚಿಯಲ್ಲ, ಕೂರುವ ಕುರ್ಚಿ. ಆಸ್ಪತ್ರೆಗೆ ಹೋದಾಗಲೆಲ್ಲ ಎಲ್ಲರೂ ಡಾಕ್ಟರ ಬಾಗಿಲನ್ನೇ ನೋಡುತ್ತಿದ್ದರೆ, ನಾನು ಹೊರಗಿನ ಬೆಂಚನ್ನು ನೋಡುತ್ತೇನೆ. ಜ್ವರವೆಂದು ಬಂದವರಿಗೆ ಬೆನ್ನುನೋವನ್ನೂ ಉಚಿತವಾಗಿ ದಯಪಾಲಿಸುವ ಆ ಬೆಂಚನ್ನು ಮಾಡಿದ ಮಹನೀಯರು ಅದರ ಮೇಲೆ ಒಮ್ಮೆಯೂ ಕೂತಿರಲಾರರು. ರೈಲಿನಲ್ಲಿ ಅರ್ಧ ದಿನದ ದಾರಿಯಲ್ಲಿ ಮರಗೆಲಸ ಮತ್ತು ಪೀಠೋಪಕರಣ ಕಲಿಸುವ ಒಂದು ಶಾಲೆಯಿದೆ. ಅಲ್ಲಿಗೆ ಸೇರುತ್ತೇನೆ ಎಂದು ಒಂದು ಸಂಜೆ ಊಟದ ಮೇಜಿನಲ್ಲಿ ಹೇಳಿದೆ. ಅಪ್ಪ ಕೈ ತೊಳೆದು, ಅಂಗಿಯ ತೋಳು ಮಡಿಸಿ, ತಮ್ಮ ಪಟ್ಟಿಯನ್ನು ಸುತ್ತಿಕೊಂಡು ಗುಂಡಿ ಒತ್ತಿದರು.

ತಾವು ಗೊರಗೊರ ಎಂದು ಉಬ್ಬಿ, ಉಸ್ಸೆಂದು ಇಳಿದು, ತಮ್ಮ ತೀರ್ಪನ್ನು ಪ್ರಕಟಿಸಿದಿರಿ. ಅಂಕಿ ನೋಡಿದ ಅಮ್ಮ "ನೋಡು, ನಿಮ್ಮಪ್ಪನ್ನ ಎಲ್ಲಿಗೆ ತಂದು ನಿಲ್ಲಿಸಿದೀಯ" ಎಂದರು. ಅಜ್ಜಿ ಫ್ಯಾನು ಹಾಕಿದರು. ವಿಚಾರಣೆ ಮುಗಿಯಿತು. ಅಂದಿನಿಂದ ನಾನು ಕುರ್ಚಿ ಎಂದರೆ ಸಾಕು, ಅಪ್ಪನ ಕೈ ತಮ್ಮತ್ತ ಚಾಚುತ್ತಿತ್ತು. ವಕೀಲರಿಲ್ಲದೆ, ಸಾಕ್ಷಿಯಿಲ್ಲದೆ, ವಾಯಿದೆಯಿಲ್ಲದೆ ಅರೆಕ್ಷಣದಲ್ಲಿ ನ್ಯಾಯ ಒದಗಿಸುವ ತಮ್ಮ ದಕ್ಷತೆಯನ್ನು ಕಂಡು ಬೆರಗಾಗಿದ್ದೇನೆ. ನನ್ನ ಎದೆಯೂ ಹೊಡೆದುಕೊಳ್ಳುತ್ತದೆಂದು ತೋರಿಸಲು ಒಮ್ಮೆ ನಾನೇ ಪಟ್ಟಿ ಸುತ್ತಿಕೊಂಡೆ. ತಾವು ನನ್ನದನ್ನು ಅತ್ಯಂತ ಆರೋಗ್ಯಕರ ಅಂಕಿಯೆಂದು ಸಾರಿದಿರಿ, ಅಮ್ಮ ಕೂಡಲೇ "ಎಷ್ಟು ಗಟ್ಟಿ ಎದೆ ನೋಡಿ, ಆಪರೇಷನ್ ಮಾಡೋರಿಗೆ ಇರಬೇಕಾದ್ದೇ ಇದು" ಎಂದು ಕೋಟಿಗೆ ಗುಂಡಿ ಹಚ್ಚಲು ಕೂತರು. ತಾವು ನನ್ನ ಮೇಲೆ ಹೀಗೆ ಹಗೆ ಸಾಧಿಸಲು ನಾನು ಮಾಡಿದ ತಪ್ಪಾದರೂ ಏನು?

ನಗುತ್ತ ಬರೆಯುತ್ತಿದ್ದೇನೆ, ಆದರೆ ಆ ಅಂಕಿ ಏರಿದಾಗಲೆಲ್ಲ ನನಗೆ ನಿಜಕ್ಕೂ ಹೆದರಿಕೆಯಾಗುತ್ತಿತ್ತು. ಒಂದು ಕುರ್ಚಿಗಾಗಿ ಅಪ್ಪನನ್ನು ಹಾಸಿಗೆ ಹಿಡಿಸಿದ ಮಗಳು ಎನಿಸಿಕೊಳ್ಳುವುದಕ್ಕಿಂತ ಬಿಳಿ ಕೋಟು ತೊಟ್ಟು ಜೀವನವಿಡೀ ಮುಖ ಊದಿಸಿಕೊಂಡಿರುವುದೇ ವಾಸಿ ಎಂದು ಹಲವು ಸಲ ತೀರ್ಮಾನಿಸಿಯೂ ಬಿಟ್ಟಿದ್ದೆ.

ಆಗ ನನ್ನನ್ನು ಕಾಪಾಡಿದ್ದು ತಮ್ಮದೇ ಒಂದು ನಿಯಮ. ಅಳತೆ ನಡೆಯುವಾಗ ಪಟ್ಟಿ ಸುತ್ತಿಕೊಂಡವರು ಮಾತಾಡಬಾರದು. "ಬಾಯಿ ಬಿಟ್ರೆ ಲೆಕ್ಕ ತಪ್ಪುತ್ತೆ ನೋಡಿ" ಎಂದು ಅಪ್ಪ ದಿನವೂ ಗಿರಾಕಿಗಳಿಗೆ ಹೇಳುತ್ತಾರೆ, ಹೇಳಿದ್ದನ್ನು ಚಾಚೂ ತಪ್ಪದೆ ಸ್ವತಃ ಪಾಲಿಸುತ್ತಾರೆ. ಅಂದರೆ ತಾವು ಉಬ್ಬತೊಡಗಿದಾಗಿನಿಂದ ಇಳಿಯುವವರೆಗೆ, ಈ ಮನೆಯಲ್ಲಿ ಅಪ್ಪ ನನ್ನ ಮಾತಿಗೆ ಅಡ್ಡ ಬರಲಾರರು. ಇದು ಹೊಳೆದ ದಿನ ನಾನು ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಕುಣಿದೆ.

ಮರುದಿನದಿಂದ ಕಂತುಗಳಲ್ಲಿ ನನ್ನ ಅಹವಾಲು ಶುರುವಾಯಿತು. ಒಂದು ಗೊರಗೊರದಲ್ಲಿ, ಮರಕ್ಕೆ ಮೊಳೆ ಹೊಡೆಯದೆ ತುಂಡುಗಳನ್ನು ಒಂದಕ್ಕೊಂದು ಕಚ್ಚಿಸಿ ಕೂರಿಸುವ ಬಗೆ. ಇನ್ನೊಂದರಲ್ಲಿ, ನಮ್ಮ ಸೋಫಾ ಮಂಡಿಗಿಂತ ಎಷ್ಟು ತಗ್ಗಿದೆ ಮತ್ತು ಅದರಿಂದ ಏಳುವಾಗ ಅಜ್ಜಿ ಯಾರ್‍ಯಾರನ್ನು ಬೈದುಕೊಳ್ಳುತ್ತಾರೆ ಎಂಬ ವರದಿ. ಅಪ್ಪ ತೋಳು ಚಾಚಿ, ತುಟಿ ಬಿಗಿದು, ಕಣ್ಣಲ್ಲೇ ಗದರುತ್ತ ಕೇಳಬೇಕಾಗುತ್ತಿತ್ತು. ಆ ದಿನಗಳಲ್ಲಿ ತಮಗೆ ನಾನು ಮನಸ್ಸಿನಲ್ಲೇ ಸಲ್ಲಿಸಿದ ಬೇಡಿಕೆಗಳನ್ನು, ಬೇರೆ ಮನೆಗಳಲ್ಲಿ ಸೇವೆ ಸಲ್ಲಿಸುತ್ತಿರುವ ತಮ್ಮ ಬಂಧುಬಳಗದ ಉಪಯೋಗಕ್ಕೆಂದು ಇಲ್ಲಿ ಬಹಿರಂಗಪಡಿಸುತ್ತಿದ್ದೇನೆ. ತಾವು ಉಬ್ಬುವ ಕಾರ್ಯವನ್ನು ಒಂದೂವರೆ ಗಂಟೆಗೆ ವಿಸ್ತರಿಸಿ, ನಡುವೆ ನೀರು ಕುಡಿಯಲು ನನಗೊಂದು ವಿರಾಮ ಕೊಡಬೇಕು. ಅಂಕಿಗಳ ಬದಲಿಗೆ "ಹುಡುಗಿ ಹೇಳುವುದರಲ್ಲಿ ಹುರುಳಿದೆ" ಎಂಬ ಅಕ್ಷರಗಳನ್ನು ಮೂಡಿಸಬೇಕು. ಎದುರು ಮನೆಯವರ ನಾಲಿಗೆಗೂ ಹೊಂದುವಂಥ ಒಂದು ಪಟ್ಟಿಯನ್ನು ಆದಷ್ಟು ಬೇಗ ತಯಾರಿಸಬೇಕು.

ತಾವು ಇವ್ಯಾವುದನ್ನೂ ಈಡೇರಿಸಲಿಲ್ಲ. ನೋಡುನೋಡುತ್ತ ಮೆಡಿಕಲ್ ಪ್ರವೇಶ ಪರೀಕ್ಷೆಗೆ ಹೆಸರು ಕೊಡುವ ಕೊನೆಯ ದಿನದ ಮುನ್ನಾ ಸಂಜೆಯೂ ಬಂತು. ಅರ್ಜಿ ತುಂಬಲೆಂದು ಅಪ್ಪ ಜೇಬಿನಿಂದ ಪೆನ್ನು ತೆಗೆದು ಮೇಜಿನ ಮೇಲಿಟ್ಟರು. ನಾನು "ಕೊನೇ ಸಲ ಒಂದು ಮಾತು ಅಪ್ಪ" ಎಂದೆ. ಅವರು ರೂಢಿಯಂತೆ ಪಟ್ಟಿ ಸುತ್ತಿ ಗುಂಡಿ ಒತ್ತಿದರು.

ತಾವು ಉಬ್ಬಲಿಲ್ಲ. ಗೊರಗೊರ ಇಲ್ಲ, ಬೆಳಕಿಲ್ಲ, ಪರದೆ ಬೋಳು. ಅಪ್ಪ ಇನ್ನೊಮ್ಮೆ ಒತ್ತಿದರು. ಬ್ಯಾಟರಿ ಸತ್ತಿದೆಯೆಂದು ನನಗೂ ತಿಳಿಯಿತು, ಬ್ಯಾಟರಿ ಮಾರುವ ಅವರಿಗೆ ನನಗಿಂತ ಮೊದಲೇ ತಿಳಿಯಿತು. ಇನ್ನು ಅವರು ಮಾತಾಡಬಹುದು, ನನ್ನ ಕಥೆ ಮುಗಿಯಿತು ಎಂದು ನಾನು ಬಾಯಿ ಮುಚ್ಚಿದೆ.

ಅವರು ಮಾತಾಡಲಿಲ್ಲ. ಬೋಳು ಪರದೆಯನ್ನು ನೋಡಿದರು, ನನ್ನನ್ನು ನೋಡಿದರು, ಅಂಗೈ ಮೇಲೆ ಮಾಡಿ ತೋಳನ್ನು ಮೇಜಿನ ಮೇಲೆ ಹಾಗೇ ಚಾಚಿ ಕೂತರು. ಅಮ್ಮ "ರೀ, ಅದು ಓಡ್ತಾನೇ ಇಲ್ಲ" ಎನ್ನಲು ಬಾಯಿ ತೆರೆದರೆ, ಅಪ್ಪ ಇನ್ನೊಂದು ಕೈಯ ಬೆರಳನ್ನು ತಮ್ಮ ತುಟಿಯ ಮೇಲಿಟ್ಟು ತೋರಿಸಿದರು. ನಾನು ಮಾತಾಡಿದೆ. ಕಂತುಗಳಲ್ಲಿ ಹಿಡಿಸದೆ ಉಳಿದದ್ದನ್ನೆಲ್ಲ ಹೇಳಿದೆ. ಡಾಕ್ಟರಾಗಲು ನನಗೆ ಭಯವಿಲ್ಲ, ಮನಸ್ಸಿಲ್ಲ, ಮನಸ್ಸಿಲ್ಲವೆಂದು ನಿಮಗೆ ಹೇಳುವುದಕ್ಕೇ ಭಯ ಎಂದೂ ಹೇಳಿದೆ. ಹೇಳುತ್ತ ಅತ್ತೆ, ಅಳುತ್ತ ಬಿಕ್ಕಳಿಕೆ ಬಂತು, ಅಜ್ಜಿ ನೀರು ಕೊಟ್ಟರು, ಕುಡಿದು ಮತ್ತೆ ಹೇಳಿದೆ. ಮಾತೆಲ್ಲ ತೀರಿದ ಮೇಲೆ ಅಪ್ಪ ನಿಧಾನವಾಗಿ ಪಟ್ಟಿ ಬಿಚ್ಚಿ, ಪೆನ್ನನ್ನು ಜೇಬಿಗೆ ಸಿಕ್ಕಿಸಿಕೊಂಡು ಅಮ್ಮನ ಕಡೆ ತಿರುಗಿ, "ನಾಳೆ ಅಂಗಡಿ ತೆಗೆಯೋದಿಲ್ಲ. ಇವಳ ಜೊತೆ ಹೋಗಿ ಆ ಸ್ಕೂಲು ನೋಡ್ಕೊಂಡು ಬರ್ತೀನಿ" ಎಂದರು.

ಹೋಗಿ ಬಂದೆವು. ಅಪ್ಪ ಅಲ್ಲಿ ಮರದ ಹೊಟ್ಟಿಗೆ ಮೂರು ಸಲ ಸೀನಿದರು, ನಾಲ್ಕು ಕುರ್ಚಿಗಳಲ್ಲಿ ಕೂತು ಎದ್ದರು, ನನ್ನ ಹೆಸರು ಬರೆಸಿದರು. ಹೀಗೆ, ಉಸಿರಿದ್ದಾಗ ನನ್ನ ಉಸಿರು ಕಟ್ಟಿಸಿದ ತಾವು, ಉಸಿರು ನಿಲ್ಲಿಸಿ ಮಾಡಿದ ಉಪಕಾರವನ್ನು ನಾನು ಇರುವಷ್ಟು ದಿನ ಮರೆಯುವುದಿಲ್ಲ.

ಇಂತಿ,
ಬಿಳಿ ಕೋಟಿನ ಮೇಲೆ ಅಂಟಿನ ಕಲೆ ಮಾಡಿಕೊಳ್ಳಲು ಅಮ್ಮನ ಒಪ್ಪಿಗೆ ಪಡೆದಿರುವ
ತಮ್ಮ ವಿಶ್ವಾಸಿ

ಮರೆತ ಮಾತು: ಅಂಗಡಿಯಲ್ಲಿರುವ ತಮ್ಮ ಸೋದರರಿಂದ ಅಪ್ಪ ಮೊನ್ನೆ ಅಳತೆ ಮಾಡಿಸಿಕೊಂಡರು. ಒಬ್ಬರಲ್ಲ, ಮೂವರೂ ಸೋದರರು ಒಂದೇ ದನಿಯಲ್ಲಿ, ಅಪ್ಪನ ಬಿಪಿ ಅಚ್ಚುಕಟ್ಟಾಗಿದೆ ಎಂದಿದ್ದಾರೆ. ಹಾಗಿದ್ದರೆ ಇಷ್ಟು ದಿನ ತಾವು ಹೇಳುತ್ತಿದ್ದದ್ದು ಏನು ಎಂದು ಕೇಳಿ ತಮಗೆ ಮುಜುಗರ ಮಾಡಲಾರೆ. ಆದರೆ ತಮಗೂ ಗೋಡೆ ಗಡಿಯಾರವಾಗುವ ಆಸೆಯಿದ್ದು, ಹೆತ್ತವರ ಒತ್ತಾಯಕ್ಕೆ ಕಟ್ಟುಬಿದ್ದು ಈ ವೈದ್ಯಕೀಯಕ್ಕೆ ಸೇರಿದ್ದರೆ ಸಂಕೋಚಪಡದೆ ತಿಳಿಸಿ, ತಮ್ಮ ಪರವಾಗಿ ನಾನು ಅವರೊಡನೆ ಮಾತಾಡುತ್ತೇನೆ.