ಪಡಸಾಲೆಯಲ್ಲಿ ಮರುಭೂಮಿ

ಘೋಡಗೇರಿಯ ಸಾಲಿ ಮಾಸ್ತರ ವೀರಪ್ಪನ ಸಂಕಟಕ್ಕೆಲ್ಲ ಮೂಲ ಎರಡು ಬಂಡಿ ಉಸುಕು.

ಧುಪದಾಳದ ಹೊಳೆಯಿಂದ ಬಂದ ಆ ಉಸುಕು, ಅವನು ಬಾಡಿಗೆಗಿದ್ದ ಬಾಳವ್ವನ ಮನೆಯ ಪಡಸಾಲೆಯಲ್ಲಿ ಗೇಣೆತ್ತರ ಹರಡಿಕೊಂಡಿತ್ತು. ಮಹಾಯುದ್ಧದ ನಾಲ್ಕನೆಯ ವರ್ಷ ಅದು. ಆಫ್ರಿಕಾದ ಮರುಭೂಮಿಯಲ್ಲಿ ಸರಕಾರದ ದಂಡು ಹೇಗೆ ಕಾದುತ್ತಿದೆ ಎಂಬುದನ್ನು ಗೊಂಬೆ ಮಾಡಿ ಮಂದಿಗೆ ತೋರಿಸಬೇಕೆಂದು ಸಾಲಿಗಳಿಗೆಲ್ಲ ಹುಕುಮು ಬಂದಿತ್ತು. ಉಳಿದ ಮಾಸ್ತರರು ಹುಕುಮನ್ನು ಮಡಚಿ ಕಿಸೆಯಲ್ಲಿಟ್ಟುಕೊಂಡು ಸುಮ್ಮನಾದರು. ಮಾಡಲು ಕುಳಿತವನು ವೀರಪ್ಪನೊಬ್ಬನೇ. ಸಾಲಿ ನಡೆಯುತ್ತಿದ್ದುದು ಗುಡಿಯಲ್ಲಿ. ದೀಪಾವಳಿಗೆ ಗುಡಿ ಊರಿಗೆ ಬೇಕು. ಹಾಗಾಗಿ ಯುದ್ಧ ಮನೆಯೊಳಗೆ ಬಂದಿತು.

ಅವನಿಗೆ ಯುದ್ಧದ ಮೇಲೆ ಮಮತೆಯೇನೂ ಇರಲಿಲ್ಲ. ಹೆಂಡತಿ ಇಂದ್ರವ್ವ ಮತ್ತು ಮಕ್ಕಳು ಮೂಡಲಗಿಯಲ್ಲಿದ್ದರು. ಅಲ್ಲಿಗೆ ವರ್ಗ ಮಾಡಿರೆಂದು ಆರು ವರ್ಷ ಅರ್ಜಿ ಬರೆದು ಅವನ ಅಕ್ಷರ ದುಂಡಗಾಗಿತ್ತೇ ಹೊರತು ವರ್ಗವಾಗಿರಲಿಲ್ಲ. ಕಳೆದ ಸಲ ಊರಿಗೆ ಹೋದಾಗ ಕಿರಿಯ ಮಗಳು ಗುರುತು ಹಿಡಿಯದೆ ಕಾಲಿಗೆ ನೀರು ತಂದಿಟ್ಟು, "ಅವ್ವಾ, ಯಾರೋ ಬೀಗರು ಬಂದಾರ" ಎಂದು ಕೂಗಿದ್ದಳು. ಅಂದಿನಿಂದ ಅವನಿಗೆ ಊಟ ರುಚಿಸುತ್ತಿರಲಿಲ್ಲ. ವರ್ಗ ಮಾಡುವವರು ಸಾಲಿಗಳ ತಪಾಸಣೆಯ ದಿಪೋಟಿ ಸಾಹೇಬರು. ಅವರು ಪಾಡ್ಯದ ದಿನ ಗೋಕಾಕ ಫಾಲ್ಸಿಗೆ ಹೋಗುವ ದಾರಿಯಲ್ಲಿ ಮೂರು ಗಂಟೆಗೆ ಇಳಿದು ಗೊಂಬೆ ನೋಡುವವರಿದ್ದರು.

'ಉಸುಕು ಬಿಟ್ಟು ಹಬ್ಬಕ್ಕ ಬರ್ರಿ. ಆಗೂದಿದ್ರ ವರ್ಗ ತಾನಽ ಆಗತೈತಿ' ಎಂದು ಇಂದ್ರವ್ವ ಕಾರ್ಡು ಬರೆಸಿದ್ದಳು. ಹೆಂಗಸರಿಗೆ ಸರಕಾರಿ ಕಾರಭಾರ ಏನು ತಿಳಿಯುತ್ತದೆ ಎಂದುಕೊಂಡು ವೀರಪ್ಪ ಕಾರ್ಡನ್ನು ಉಸುಕಿನ ಗುಡ್ಡವೊಂದಕ್ಕೆ ಒತ್ತುಕೊಟ್ಟಿದ್ದನು.

ಪಾಡ್ಯದ ಬೆಳಿಗ್ಗೆ ಅವನು ಸಿಪಾಯಿಗಳನ್ನು ನಿಲ್ಲಿಸತೊಡಗಿದನು. ಗೋಕಾಕದ ಗೊಂಬೆ ಮಾಡುವ ಅಪ್ಪಣ್ಣ ಐವತ್ತು ಸಿಪಾಯಿಗಳನ್ನೂ ನಾಲ್ಕು ಟ್ಯಾಂಕುಗಳನ್ನೂ ಮಾಡಿಕೊಟ್ಟಿದ್ದನು. ಟ್ಯಾಂಕನ್ನು ಅವನೂ ನೋಡಿರಲಿಲ್ಲ, ಇವನೂ ನೋಡಿರಲಿಲ್ಲ. ಅಪ್ಪಣ್ಣನದು ಕಟ್ಟಿಗೆಯ ಹಣ್ಣು-ಕಾಯಿ ಮಾಡಿ ಪಳಗಿದ ಕೈ. ಟ್ಯಾಂಕುಗಳು ಸೊಂಡಿಲು ಬಂದ ಬದನೆಕಾಯಿಯಂತೆ ಮಿರುಗುತ್ತಿದ್ದವು. ಬಣ್ಣವೂ ಅದೇ.

ಹತ್ತು ಸಿಪಾಯಿಗಳು ನಿಲ್ಲುವಷ್ಟರಲ್ಲಿ ಬಾಜೂ ಮನೆಯ ಯಮನವ್ವ ಬುಟ್ಟಿ ಹಿಡಿದು ಬಂದಳು.

"ಮಾಸ್ತರ್ರ, ಶೇಂಗಾ ಹುರಿಯಾಕ ಒಂದ್ ಬೊಗಸಿ ಉಸುಕು."

"ಅವ್ವಾ, ಇದು ಮರುಭೂಮಿ ಐತ್ರಿ."

"ಇರಲಿ ಬಿಡ್ರಿ, ತೊಳಕೊಂತೇನಿ." ಬೊಗಸೆ ಎಂದವಳು ಬುಟ್ಟಿ ತುಂಬಿಕೊಂಡು ಹೋದಳು. ಆಮೇಲೆ ಓಣಿಗೆಲ್ಲ ಶೇಂಗಾದ ನೆನಪಾಯಿತು. ಹನ್ನೊಂದು ಗಂಟೆಗೆ ಮರುಭೂಮಿಯ ಒಂದು ಮೂಲೆಯಲ್ಲಿ ನೆಲದ ಸಾರಣೆ ಕಾಣಿಸಿತು.

ಅಷ್ಟರಲ್ಲಿ ಪರಪ್ಪ ಬಂದ. ಹಿಂದಿನ ಮಹಾಯುದ್ಧದಲ್ಲಿ ಇರಾಕದ ಬಸರಾಕ್ಕೆ ಹೋಗಿ ಎರಡು ವರ್ಷ ದಂಡಿನ ಹೇಸರಗತ್ತೆ ಹೊಡೆದು ಬಂದವನು. ಬಾಗಿಲಲ್ಲಿ ನಿಂತು ನೋಡಿ ತಲೆ ಅಲ್ಲಾಡಿಸಿದ.

"ಯಾವ ಮೂರ್ಖ ನಿಂದ್ರಿಸ್ಯಾನ ಇವರನ್ನ?"

"ನಾನಽ ರೀ ಕಾಕಾ."

"ಮರುಭೂಮ್ಯಾಗ ಯಾರರೆ ನಿಂದರತಾರೇನು? ನಿಂತಾಂವ ಸತ್ತ. ಎಲ್ಲಾರೂ ಮಕ್ಕೋಬೇಕು."

ವೀರಪ್ಪ ಬೇಡ ಬೇಡವೆಂದರೂ ಕೇಳದೆ ಮುದುಕ ಮೊಣಕಾಲೂರಿ ಸಿಪಾಯಿಗಳನ್ನು ಒಬ್ಬೊಬ್ಬರನ್ನಾಗಿ ಮಲಗಿಸಿದ. ಎಬ್ಬಿಸಿ ನಿಲ್ಲಿಸಹೋದರೆ ಅರ್ಧ ಮಂದಿಯ ಪಾದ ಮುರಿದಿತ್ತು. ಈಗ ಅವರಿಗೆ ಮಲಗುವುದೇ ಗತಿ.

ಎರಡು ಗಂಟೆಗೆ ಮನೆಯ ಒಡತಿ ಬಾಳವ್ವ ಮಡಿ ಉಟ್ಟು, ಸಗಣಿಯ ಬುಟ್ಟಿ ಹೊತ್ತು ಪಡಸಾಲೆಗೆ ಇಳಿದಳು.

"ಅತ್ತಾಗ ಸರೀರಿ ಮಾಸ್ತರ್ರ. ಪಾಂಡವರನ್ನ ಇಡಬೇಕು."

ಪಾಡ್ಯದ ದಿನ ಸಗಣಿಯ ಪಾಂಡವರನ್ನು ಮಾಡಿ, ಚೆಂಡುಹೂವು ಸಿಗಿಸಿ, ಮುಂದೆ ಹಾಲು ಉಕ್ಕಿಸುವುದು ಎಲ್ಲರ ಮನೆಯಲ್ಲೂ ಇದ್ದದ್ದೇ. ಈ ಗಡಿಬಿಡಿಯಲ್ಲಿ ವೀರಪ್ಪ ಅದನ್ನೇ ಮರೆತಿದ್ದನು.

"ಆಯಿ, ಕೈ ಮುಗೀತೇನಿ, ಇವತ್ತೊಂದಿನ ಹಿತ್ತಲದಾಗ ಇಡ್ರಿ. ಸಾಹೇಬರು ಬರ್ತಾರ."

"ನಿಮ್ಮ ಐವತ್ತು ಸಿಪಾಯಿಗೊಳಿಗೆ ನನ್ನ ಪಡಸಾಲ್ಯಾಗ ಜಾಗಾ ಐತಿ, ನನ್ನ ಐದು ಮಂದಿ ಪಾಂಡವರಿಗೆ ಇಲ್ಲೇನು? ನಮ್ಮತ್ತಿ ಕಾಲದಿಂದ ಅವರು ಕುಂಡ್ರೂದು ಇಲ್ಲೇ!"

ಮರುಭೂಮಿಯ ನಟ್ಟನಡುವೆ ಐದು ಸಗಣಿಯ ಗುಪ್ಪೆಗಳು ಎದ್ದವು. ನೆತ್ತಿಗೆ ಚೆಂಡುಹೂವು, ಸುತ್ತ ಅರಿಶಿನ ಕುಂಕುಮ. ದ್ರೌಪದಿಗೆಂದು ಒಂದು ಟ್ಯಾಂಕನ್ನು ಸರಿಸಿ ಜಾಗ ಮಾಡಿದ್ದಾಯಿತು. ಭೀಮ ಮೂವರು ಸಿಪಾಯಿಗಳ ಮೇಲೆಯೇ ಕುಳಿತನು.

"ಸಂಜಿ ದೀಪ ಹಚ್ಚೂತನಕ ಯಾರೂ ಕದಲಸಾಂಗಿಲ್ಲ" ಎಂದು ಹೇಳಿ, ಬಾಳವ್ವ ಸಗಣಿಯ ಕುಳ್ಳಿಗೆ ಬೆಂಕಿ ಹಚ್ಚಿ ಹಾಲಿನ ಗಡಿಗೆ ಇಟ್ಟಳು. ಹಾಲು ಉಕ್ಕುವುದನ್ನು ನೋಡಲು ಓಣಿಯ ಮಂದಿಯೆಲ್ಲ ಶೇಂಗಾ ತಿನ್ನುತ್ತ ಒಳಗೆ ಬಂದರು. ಹೊಗೆ ತುಂಬಿತು. ಅದೇ ಹೊಗೆಯೊಳಗೆ ದಿಪೋಟಿ ಸಾಹೇಬರೂ ಬಂದು ನಿಂತರು.

"ಭಲೇ! ಬಾಂಬಿನ ಹೊಗಿ ಹೆಂಗ ಮಾಡಿದ್ರಿ ಮಾಸ್ತರ?"

"ಹೆಂಗೋ... ಆತ್ರಿ."

"ಇವರೆಲ್ಲಾ ಯಾಕ ಮಲಗ್ಯಾರ?"

"ಹೊಂಚು ಹಾಕ್ಯಾರ್ರಿ."

ಸಾಹೇಬರು ಬೆತ್ತ ಚಾಚಿ ಗುಪ್ಪೆಗಳನ್ನು ತೋರಿಸಿದರು. "ಇವು?"

"ಅವು ವೈರಿಗಳ ಠಾಣ್ಯಾ ರೀ."

"ಯಾರೋ ವೈರಿ?" ಬಾಳವ್ವ ಊದುಗೊಳವೆ ಹಿಡಿದೇ ಎದ್ದಳು. "ಧರ್ಮರಾಜ ವೈರಿ ಏನೋ ನಿನಗ?"

"ಅಲ್ಲಲ್ಲ! ಅವರೂ ನಮ್ಮವರಽ ರೀ ಸಾಹೇಬ್ರ."

"ಎಲ್ಲಾರೂ ನಮ್ಮವರಾದ್ರ ವೈರಿಗಳು ಎಲ್ಲಿ?"

"ಇನ್ನೂ... ಬಂದಿಲ್ರಿ."

ಆಗ ಹಾಲು ಉಕ್ಕಿತು. ಬಿಳಿಯ ಹೊಳೆಯೊಂದು ಮರುಭೂಮಿಯನ್ನು ಸೀಳಿ ಎರಡು ಟ್ಯಾಂಕುಗಳನ್ನು ತೇಲಿಸಿಕೊಂಡು ಹೋಯಿತು. ಮಂದಿಯೆಲ್ಲ ಕೈ ಮುಗಿದರು. ಆರು ವರ್ಷದ ಅರ್ಜಿಗಳೂ ತೇಲಿಹೋದವೆಂದು ವೀರಪ್ಪ ಕಣ್ಣು ಮುಚ್ಚಿದನು.

ತೆರೆದಾಗ ಸಾಹೇಬರು ಬೂಟು ಕಳಚಿ, ಟೊಪ್ಪಿಗೆ ಕಂಕುಳಲ್ಲಿಟ್ಟು, ಪಾಂಡವರ ಮುಂದೆ ಕೈ ಮುಗಿದು ನಿಂತಿದ್ದರು. ಅವರ ಕಣ್ಣು ಒದ್ದೆಯಾಗಿತ್ತು. ಹೊಗೆಯಿಂದಲ್ಲ.

"ಊರೂರು ಫಿರತಿಯೊಳಗ ಹಬ್ಬನಽ ಮರತಿದ್ದೆ ಮಾಸ್ತರ. ನಮ್ಮವ್ವ ಹಿಂಗಽ ಇಡ್ತಿದ್ದಳು." ಬಾಳವ್ವ ಕೊಟ್ಟ ಹೋಳಿಗೆಯನ್ನು ಅಲ್ಲೇ ನಿಂತು ತಿಂದರು. ಮತ್ತೊಂದನ್ನು ಕೇಳಿ ತಿಂದರು. ಆಮೇಲೆ ಕೋಟಿನ ಕಿಸೆಯಿಂದ ಉದ್ದನೆಯ ಲಕೋಟೆ ತೆಗೆದರು.

"ಇದೇನು ಗೊತ್ತೈತೇನು? ನಿಮ್ಮ ವರ್ಗದ ಹುಕುಮು. ಮೂಡಲಗಿಗೆ. ಹೋದ ವಾರನಽ ಸಹಿ ಮಾಡೇನಿ. ಹಬ್ಬಕ್ಕ ನೀವು ಊರಿಗೆ ಹೋಗಿರ್ತೀರಿ ಅಂತ ಅಲ್ಲಿಗೇ ಟಪಾಲಿಗೆ ಹಾಕಾಂವಿದ್ದೆ. ಇಲ್ಲೇ ಅದೀರಿ ಅಂತ ತಿಳೀತು, ಕೈಯಾಗ ಕೊಡೂಣಂತ ತಂದೆ."

ವೀರಪ್ಪನ ಕೈ ತಾನಾಗಿ ಮುಂದೆ ಚಾಚಿತು.

"ಆದರ ಈಗ ನೋಡ್ರಿ." ಸಾಹೇಬರು ಕಿಕ್ಕಿರಿದ ಮಂದಿಯ ಕಡೆ ತಿರುಗಿದರು. "ಹುಕುಮು ಬಂದ್ರ ಮಂದಿ ಬಾಗಿಲಾ ಹಾಕ್ಕೊಂತಾರ. ಇಲ್ಲಿ ನೀವು ಯುದ್ಧದಾಗ ಪಾಂಡವರನ್ನ ಕುಂಡ್ರಿಸೀರಿ, ಊರಿಗೆ ಊರಽ ಸರಕಾರದ ಯುದ್ಧಕ್ಕ ಕೈ ಮುಗಿಯಾಕತ್ತೈತಿ! ಇಂಥ ಮಾಸ್ತರನ್ನ ಈ ಊರಿಂದ ಕಿತ್ತೊಯ್ದರ ನಾನೆಂಥಾ ಅಧಿಕಾರಿ?"

ಲಕೋಟೆ ಎರಡಾಯಿತು, ನಾಲ್ಕಾಯಿತು. ಮಂದಿ ಚಪ್ಪಾಳೆ ತಟ್ಟಿದರು. ಎಲ್ಲರಿಗಿಂತ ಜೋರಾಗಿ ತಟ್ಟಿದವಳು ಬಾಳವ್ವ.

"ಸಂಕ್ರಾಂತಿಗೆ ಮತ್ತ ಬರ್ತೇನಿ. ಆಗ ಬರ್ಮಾದ ಕಾಡು ಮಾಡ್ರಿ" ಎಂದು ಸಾಹೇಬರು ಬೂಟು ಹಾಕಿಕೊಂಡು ಹೊರಟರು.

ಮೋಟಾರಿನ ಧೂಳು ಅಡಗುವ ಮುನ್ನವೇ ಯಮನವ್ವ ಬುಟ್ಟಿ ಚಾಚಿದಳು. "ಮಾಸ್ತರ್ರ, ಇನ್ನೊಂದ್ ಬೊಗಸಿ..."

"ಎಲ್ಲಾ ಒಯ್ರಿ! ಇಡೀ ಮರುಭೂಮಿನಽ ಒಯ್ರಿ!"

"ಸಂಜಿತನಕ ಕದಲಸಾಂಗಿಲ್ಲ ಅಂದೇನಿ!" ಎಂದು ಬಾಳವ್ವ ಗದರಿದಳು.

ವೀರಪ್ಪ ಇಂದ್ರವ್ವನ ಕಾರ್ಡನ್ನು ಉಸುಕಿನಿಂದ ಎಳೆದುಕೊಂಡು ಎದೆಯ ಮೇಲಿಟ್ಟು, ಕಾಲು ಮುರಿದ ಸಿಪಾಯಿಗಳ ಬಾಜೂಕ್ಕೆ ತಾನೂ ಮೈ ಚಾಚಿ ಮಲಗಿಬಿಟ್ಟನು.

ಬಾಗಿಲಲ್ಲಿದ್ದ ಪರಪ್ಪ ಸಮಾಧಾನದಿಂದ ತಲೆದೂಗಿದ.

"ಹಾಂ, ಈಗ ನೋಡ್ರಿ ಖರೆ ಮರುಭೂಮಿ ಆತು."