ಡಬ್ಬಿಯಲ್ಲಿ ಬಂದ ಮೊಲ

ಪಕ್ಕದ ಮನೆಯ ಡಬ್ಬಿಯನ್ನು ಖಾಲಿ ವಾಪಸ್ ಕೊಡಬಾರದು ಎಂಬ ನಮ್ಮ ಕಡೆಯ ಪದ್ಧತಿಯನ್ನು ಯಾವ ಪುಣ್ಯಾತ್ಮರು ಶುರು ಮಾಡಿದರೋ ಗೊತ್ತಿಲ್ಲ. ಯಾರೇ ಆಗಿರಲಿ, ಆ ಪಕ್ಕದ ಮನೆಯಲ್ಲಿ ಮೊಲ ಹಿಡಿಯುವವರು ಇರಬಹುದೆಂದು ಅವರು ಯೋಚಿಸಿರಲಾರರು. ಹುಬ್ಬಳ್ಳಿಯಲ್ಲಿ ನಮ್ಮವ್ವ, ಮನೆಯಲ್ಲಿ ಏನೂ ಇಲ್ಲದಿದ್ದರೆ ಒಂದು ಚಿಟಿಕೆ ಸಕ್ಕರೆಯನ್ನಾದರೂ ಹಾಕಿ ಡಬ್ಬಿ ಕಳಿಸುತ್ತಿದ್ದಳು. ಮೆಲ್ಬರ್ನ್‌ನ ಟ್ರುಗನಿನಾಗೆ ಬಂದು ಮನೆ ಕಟ್ಟಿಕೊಂಡ ಮೇಲೂ ನಾವು ಅದನ್ನು ಬಿಟ್ಟಿಲ್ಲ. ನಾವು ಪಾಲಿಸಿದ್ದರಲ್ಲಿ ತಪ್ಪೇನಿಲ್ಲ. ಆದರೆ ಬೇಲಿಯಾಚೆಯ ನೆವಿಲ್ ಅವರಿಗೆ ಇದನ್ನೆಲ್ಲ ನಾನು ಉತ್ಸಾಹದಿಂದ ವಿವರಿಸಿ ಹೇಳಿದೆ ನೋಡಿ, ಅದು ತಪ್ಪಾಯಿತು.

ನೆವಿಲ್ ಲಾರಿ ಓಡಿಸಿ ನಿವೃತ್ತರಾದ ಎಪ್ಪತ್ತರ ಹಿರಿಯರು. ಅವರ ತಮ್ಮನ ಹೊಲದಲ್ಲಿ ಮೊಲಗಳ ಕಾಟ ವಿಪರೀತ. ವಾರಕ್ಕೊಮ್ಮೆ ಹೋಗಿ ಬೋನಿಟ್ಟು ಹಿಡಿಯುವುದು ಇವರ ಕೆಲಸ. ನನ್ನ ಹೆಂಡತಿ ಸುಧಾ ಒಂದು ಸ್ಟೀಲ್ ಡಬ್ಬಿಯಲ್ಲಿ ಶೇಂಗಾ ಹೋಳಿಗೆ ಕಳಿಸಿದ್ದಳು. ಮೂರನೆಯ ದಿನ ಡಬ್ಬಿ ವಾಪಸ್ ಬಂತು. ಮುಚ್ಚಳ ತೆಗೆದರೆ ಒಳಗೆ ಬೂದು ಬಣ್ಣದ, ಮೆತ್ತನೆಯ, ಸುರುಳಿ ಸುತ್ತಿದ ಏನೋ ಒಂದು. "ಮಾಂಸ ನಾನೇ ಇಟ್ಟುಕೊಂಡೆ, ನೀವು ತಿನ್ನುವುದಿಲ್ಲವಲ್ಲ. ನಿಮಗೆ ಚರ್ಮ ಮಾತ್ರ," ಎಂದರು ನೆವಿಲ್. ನಮ್ಮ ಆಹಾರ ಪದ್ಧತಿಗೆ ಇಷ್ಟು ಗೌರವ ಕೊಟ್ಟವರನ್ನು ನಾನು ಇನ್ನೊಬ್ಬರನ್ನು ಕಂಡಿಲ್ಲ.

ಇಲ್ಲ ಎನ್ನುವ ಶಬ್ದ ಸಮಯಕ್ಕೆ ಸರಿಯಾಗಿ ನನ್ನ ಬಾಯಿಂದ ಬರುವುದಿಲ್ಲ. "ಆಹಾ, ಎಷ್ಟು ಚೆನ್ನಾಗಿದೆ! ಇದನ್ನು ಹದ ಮಾಡಲು ಕಲಿಯಬೇಕೆಂದು ಬಹಳ ದಿನದಿಂದ ಆಸೆಯಿತ್ತು," ಎಂದುಬಿಟ್ಟೆ. ಮೊಟ್ಟೆ ಒಡೆಯುವ ಸದ್ದಿಗೇ ಮುಖ ತಿರುಗಿಸುವವನು ನಾನು. ಆದರೆ ಹಾಗೆ ಹೇಳಿದ್ದು ಬರೀ ಸಂಕೋಚದಿಂದಲ್ಲ ಎಂಬುದನ್ನೂ ಒಪ್ಪಿಕೊಳ್ಳುತ್ತೇನೆ. ಅದರ ಹಿಂದೆ ನನ್ನ ಮಾವ ಇದ್ದರು.

ಮಾವ ಧಾರವಾಡದ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಕಲಿಸಿ ನಿವೃತ್ತರಾದವರು. ಎರಡು ಹೊತ್ತು ಪೂಜೆ, ಈರುಳ್ಳಿ ಕೂಡ ಇಲ್ಲದ ಊಟ. ನಮ್ಮಲ್ಲಿಗೆ ಬಂದ ಮೊದಲ ವಾರದಲ್ಲೇ, ವಿಡಿಯೋ ನೋಡಿ ಬಚ್ಚಲಿನ ನಳ ರಿಪೇರಿ ಮಾಡಲು ಹೋಗಿ ನಾನು ಅವರ ಎದುರಿಗೇ ತಲೆಯಿಂದ ಕಾಲಿನವರೆಗೆ ತೊಯ್ದಿದ್ದೆ. "ಇರ್ಲಿ ಬಿಡ್ರಿ ಅಳಿಯಂದ್ರ, ಎಲ್ಲಾರಿಗೂ ಎಲ್ಲಾ ಬರಾಂಗಿಲ್ಲ," ಎಂದು ಅವರು ಸಮಾಧಾನ ಹೇಳಿದ ರೀತಿಗಿಂತ ಬೈದಿದ್ದರೇ ವಾಸಿಯಿತ್ತು. ಅಂದಿನಿಂದ ಊಟಕ್ಕೆ ಕೂತಾಗಲೆಲ್ಲ ಸಿಡ್ನಿಯ ಪುರಾಣ. ಅವರ ಮಗ, ಅಂದರೆ ನನ್ನ ಭಾವಮೈದುನ, ಅಲ್ಲಿನ ನಾರ್ವೆಸ್ಟ್ ಬಡಾವಣೆಯ ಆಫೀಸಿನಲ್ಲಿ ದುಡಿದು ಬಂದು, ಹಿತ್ತಲಲ್ಲಿ ಸ್ವಂತ ಕೈಯಿಂದ ಮರದ ಕಟ್ಟೆ ಕಟ್ಟಿದ್ದಾನಂತೆ. ಒಂದು ಮೊಳೆಯೂ ಸೊಟ್ಟಗಿಲ್ಲವಂತೆ. ಮಾವ ಸಿಡ್ನಿಗೆ ಹೊರಡಲು ಎರಡು ವಾರವಿತ್ತು. ಅಷ್ಟರೊಳಗೆ ನನ್ನ ಕೈಯಿಂದಲೂ ಏನಾದರೊಂದು ಆಗಬೇಕು, ಅವರ ಬಾಯಿಂದ ಒಂದು ಶಹಬ್ಬಾಸ್ ಬರಬೇಕು ಎಂದು ನನಗೆ ಹಟ ಹಿಡಿದಿತ್ತು. ಹದ ಮಾಡಿದ ಮೆತ್ತನೆಯ ಚರ್ಮವನ್ನು ಮುಂದಿಟ್ಟರೆ, ಚರ್ಮ ಎಲ್ಲಿಂದ ಬಂತೆಂದು ಕೇಳುವ ಮೊದಲು ಕೆಲಸ ನೋಡಿ ಮೆಚ್ಚಿಯಾರು ಎಂಬುದು ನನ್ನ ಲೆಕ್ಕಾಚಾರ.

ನೆವಿಲ್ ಪಾಠ ಹೇಳಿದರು. ಮೊಂಡು ಚಾಕುವಿನಿಂದ ಕೊಬ್ಬು ಕೆರೆಯಬೇಕು. ಹರಿತವಾದದ್ದು ಮುಟ್ಟಿದರೆ ತೂತು. ಆಮೇಲೆ ಉಪ್ಪು ಹಚ್ಚಿ, ಬಗ್ಗಿಸಿದ ತಂತಿಗೆ ಕೂದಲು ಒಳಗಾಗುವಂತೆ ತೊಡಿಸಿ ಒಣಗಿಸಬೇಕು. ನಾನು ಎಲ್ಲದಕ್ಕೂ ತಲೆಯಾಡಿಸಿದೆ. ಒಣಗಿಸುವುದನ್ನು ನಮಗೆ ಯಾರಾದರೂ ಹೇಳಿಕೊಡಬೇಕೇ? ಹಪ್ಪಳ, ಸಂಡಿಗೆ, ಮೆಣಸಿನಕಾಯಿ ಒಣಗಿಸಿದ ವಂಶ ನಮ್ಮದು. ಉರಿಬಿಸಿಲು ನೋಡಿ ತಗಡಿನ ಶೆಡ್ಡಿನ ಮೇಲಿಟ್ಟು, ಕಾಗೆ ಒಯ್ಯದಂತೆ ಅಂಚಿಗೆ ಕಲ್ಲೂ ಹೇರಿ ಆಫೀಸಿಗೆ ಹೋದೆ. ಸಂಜೆ ಬಂದು ಮಡಚಲು ನೋಡಿದರೆ ಚರ್ಮ ಕಟ್ಟೆಂದು ಎರಡು ತುಂಡಾಯಿತು. ಎಣ್ಣೆಗೆ ಬಿಡುವುದೊಂದೇ ಬಾಕಿ. ನೆವಿಲ್ ಹೊಟ್ಟೆ ಹಿಡಿದು ನಕ್ಕರು. "ನೆರಳು ಮೇಟ್, ನೆರಳು! ಶನಿವಾರ ಇಡೀ ಮೊಲವನ್ನೇ ತರುತ್ತೇನೆ. ಮೊದಲಿನಿಂದ ಕಲಿ."

ಶನಿವಾರ ಮಧ್ಯಾಹ್ನ, ಸುಧಾ ಅಂಗಡಿಗೆ ಹೋದಾಗ, ಮಾವ ಮಲಗಿದ್ದು ಖಾತ್ರಿ ಮಾಡಿಕೊಂಡು ನಮ್ಮ ಗ್ಯಾರೇಜಿನಲ್ಲಿ ತರಗತಿ ಶುರುವಾಯಿತು. ಸೈಕಲ್ ತೂಗುಹಾಕುವ ಕೊಕ್ಕೆಗೆ ಸತ್ತ ಮೊಲ ನೇತಾಡುತ್ತಿತ್ತು. ನೆವಿಲ್ ನನ್ನ ಕೈಗೆ ಚಾಕು ಕೊಟ್ಟು ಪಕ್ಕಕ್ಕೆ ನಿಂತರು. ನಾನು ಕಣ್ಣು ಮುಚ್ಚಿಕೊಂಡು, ಮನೆದೇವರನ್ನು ನೆನೆದು, ಈ ಕೆಲಸಕ್ಕೆ ಆ ದೇವರನ್ನು ಕರೆದದ್ದು ಸರಿಯೇ ಎಂದು ಅನುಮಾನಿಸುತ್ತಿದ್ದಾಗ ಒಳಬಾಗಿಲು ತೆರೆಯಿತು. ಹಣೆಯ ಮೇಲೆ ವಿಭೂತಿ, ಕೈಯಲ್ಲಿ ಕನ್ನಡಕ, ಮಾವ ನಿಂತಿದ್ದರು. ಮೊಲವನ್ನು ನೋಡಿದರು. ನನ್ನನ್ನು ನೋಡಿದರು. ಎರಡರಲ್ಲಿ ಯಾವುದಕ್ಕೆ ಜೀವ ಇದೆ ಎಂದು ಅವರಿಗೆ ಸಂಶಯ ಬಂದಿದ್ದರೆ ಅವರ ತಪ್ಪಲ್ಲ.

"ಚಾಕು ಹಿಂಗ ಹಿಡೀಲಿಕ್ಕೆ ನಿಮಗ ಯಾರು ಕಲಿಸಿದ್ರು?" ಎಂದರು ಮಾವ.

"ಮಾವಾರ, ಅದು... ಹೋಳಿಗಿ ಡಬ್ಬಿ..."

"ಕೊಡ್ರಿ ಇಲ್ಲೆ. ಕಾಲೇಜಿನ ಕಪಾಟಿನಾಗ ಮುಂಗುಸಿ ಐತಲ್ಲ, ಅದರ ಚರ್ಮಾ ಬಿಡಿಸಿ ತುಂಬಿದಾಂವ ನಾನು. ಹಿಂದಿನ ಕಾಲಿನಿಂದ ಕಾಲಿಗೆ ಒಂದಽ ಗೆರಿ. ಹೊಟ್ಟಿ ಮುಟ್ಟಬಾರದು."

ಪ್ರಾಣಿಶಾಸ್ತ್ರ ಎಂದರೆ ಹಲಗೆಯ ಮೇಲೆ ಬಣ್ಣದ ಸೀಮೆಸುಣ್ಣದಿಂದ ಕಪ್ಪೆ ಬರೆಯುವುದು ಎಂದು ಇಷ್ಟು ವರ್ಷ ತಿಳಿದಿದ್ದೆ. ಮಾವ ಪಂಚೆ ಎತ್ತಿ ಕಟ್ಟಿ, ಆ ಒಂದು ಗೆರೆ ಎಳೆದು, ಮಗುವಿನ ತಲೆಯ ಮೇಲಿಂದ ಅಂಗಿ ಕಳಚುವಷ್ಟು ಹಗುರವಾಗಿ ಚರ್ಮವನ್ನು ಇಡಿಯಾಗಿ ಇಳಿಸಿದರು. ಒಂದು ತೂತಿಲ್ಲ. ನೆವಿಲ್ ಟೊಪ್ಪಿಗೆ ತೆಗೆದರು. ಆಮೇಲೆ ಅವರಿಬ್ಬರೂ ಕಿವಿಯ ಬುಡ ಬಿಡಿಸುವ ಬಗ್ಗೆ ಇಂಗ್ಲಿಷಿನಲ್ಲಿ ಎಂಥ ಚರ್ಚೆಗಿಳಿದರೆಂದರೆ, ನಾನು ಅಲ್ಲಿರುವುದೇ ಅವರಿಗೆ ಮರೆತುಹೋಯಿತು. ಕೊನೆಗೆ ಮಾವ ತಿರುಗಿ ನೋಡದೆಯೇ ಕೈ ಚಾಚಿ, "ಉಪ್ಪು," ಎಂದರು. ನಾನು ಅಡುಗೆಮನೆಗೆ ಓಡಿದೆ. ನಿಜ ಹೇಳುತ್ತೇನೆ, ಆ ಉಪ್ಪು ಹಚ್ಚುತ್ತ ಕೂತಾಗ ನನಗೆ ಬಹಳ ಸಂತೋಷವಾಗುತ್ತಿತ್ತು. ಒಂದು ತಿಂಗಳಲ್ಲಿ ಮಾವ ಅಷ್ಟು ನಕ್ಕಿದ್ದನ್ನು ನಾನು ನೋಡಿರಲಿಲ್ಲ.

ಸುಧಾ ಬಂದು ಬಾಗಿಲಲ್ಲೇ ನಿಂತಳು. "ಅಪ್ಪಾ! ಇಬ್ಬರೂ ತಲಿಮ್ಯಾಲೆ ಸ್ನಾನಾ ಮಾಡದ ಒಳಗ ಬಂದ್ರ ನೋಡ್ರಿ. ಏನ್ರಿ, ಅದು ನನ್ನ ಉಪ್ಪಿನ ಡಬ್ಬಿ ಏನು?"

ಸಿಡ್ನಿ ಪ್ರಯಾಣ ಮೂರು ವಾರ ಮುಂದಕ್ಕೆ ಹೋಗಿದೆ. ಶನಿವಾರ ಬಂತೆಂದರೆ ಮಾವ ಬೆಳಿಗ್ಗೆಯೇ ಪೂಜೆ ಮುಗಿಸಿ ಬೇಲಿಯ ಹತ್ತಿರ ನಿಲ್ಲುತ್ತಾರೆ. ಮೊನ್ನೆ ಫೋನಿನಲ್ಲಿ ಮಗನಿಗೆ ಹೇಳುತ್ತಿದ್ದುದು ನನ್ನ ಕಿವಿಗೆ ಬಿತ್ತು: "ಕಟ್ಟಿ ಯಾರರೆ ಕಟ್ತಾರೋ. ನಮ್ಮ ಅಳಿಯಂದ್ರು ಉಪ್ಪು ಹಚ್ಚೂದು ನೋಡಬೇಕು ನೀ. ಒಂದು ಮೂಲಿ ಬಿಡಾಂಗಿಲ್ಲ!" ಆ ಮಾತನ್ನು ಆಫೀಸಿನಲ್ಲಿ ಮೂವರಿಗೆ ಹೇಳಿದೆ. ಯಾರಿಗೂ ಅರ್ಥವಾಗಲಿಲ್ಲ.

ನಿನ್ನೆ ಸುಧಾ ಮತ್ತೆ ಡಬ್ಬಿ ತುಂಬ ಹೋಳಿಗೆ ಹಾಕಿ ನನ್ನ ಕೈಗಿತ್ತು, "ಈ ಸಲ ಡಬ್ಬಿ ಖಾಲಿ ಬಂದ್ರೂ ನಡೀತದ ಅಂತ ಖಡಾಖಂಡಿತ ಹೇಳಿ ಬರ್ರಿ," ಎಂದು ಎರಡೆರಡು ಸಲ ಎಚ್ಚರಿಸಿದಳು. ಅದನ್ನೇ ದಾರಿಯುದ್ದಕ್ಕೂ ಬಾಯಿಪಾಠ ಮಾಡಿಕೊಂಡು ಹೋದೆ. ನೆವಿಲ್ ಬಾಗಿಲು ತೆರೆದರು. ಡಬ್ಬಿ ಕೊಟ್ಟು, "ಶನಿವಾರಕ್ಕೆ ಉಪ್ಪು ಎಷ್ಟು ಕಿಲೋ ತರಲಿ?" ಎಂದು ಕೇಳಿ ಬಂದೆ.